ಅತ್ತೆಗೆ ಬಾಯಲ್ಲೇ ಬರುವ ಲೆಕ್ಕ ಮಗಳಿಗೆ ಹಾಳೆಯ ಮೇಲೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಸರ್, ನಾವು ತಿಪಟೂರಿನ ಹತ್ತಿರದವರು. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಮಗಳು ಈಗ ಏಳನೇ ತರಗತಿ. ಐದರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದಳು, ಆಗ ಗಣಿತದಲ್ಲಿ ಅವಳೇ ಮುಂದು. ಆರಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಅಲ್ಲಿಂದ ಇಳಿಯುತ್ತಾ ಬಂದು ಈಗ ಕಿರುಪರೀಕ್ಷೆಯಲ್ಲಿ 25ಕ್ಕೆ 6. ತಿಂಗಳಿಗೆ 800 ರೂಪಾಯಿ ಕೊಟ್ಟು ಟ್ಯೂಷನ್‌ಗೆ ಕಳಿಸುತ್ತಿದ್ದೇನೆ. ಅಲ್ಲಿ ಮಾಡಿದ ಲೆಕ್ಕವನ್ನೇ ವಾರ ಬಿಟ್ಟು ಕೇಳಿದರೆ ಮರೆತುಹೋಯ್ತು ಅನ್ನುತ್ತಾಳೆ. ಭಿನ್ನರಾಶಿ ಅಂದರೆ ಅಳುತ್ತಾಳೆ. ಮಗ ಅದೇ ಶಾಲೆಯಲ್ಲಿ ಒಂದನೇ ತರಗತಿ. ಬೆರಳು ಮಡಚಿ ಎಣಿಸುತ್ತಾನೆ, ಅದನ್ನು ಬಿಡಿಸಿ ಅಂತ ಅವನ ಮಿಸ್ಸು ಡೈರಿಯಲ್ಲಿ ಬರೆದಿದ್ದಾರೆ. ಅಬಾಕಸ್ ಕ್ಲಾಸಿಗೆ ಸೇರಿಸಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಇನ್ನು ನನ್ನ ಕಥೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲೇ ಫೇಲು. ಈಗ 34 ವರ್ಷ. ಮತ್ತೆ ಕಟ್ಟಬೇಕು ಅಂತ ಆಸೆ. ಹೇಳಿದರೆ ನಮ್ಮ ಯಜಮಾನರು ‘ಹೆಣ್ಣುಮಕ್ಕಳಿಗೆ ಲೆಕ್ಕ ತಲೆಗೆ ಹತ್ತಲ್ಲ, ಮಗಳೂ ನಿನ್ನ ಹಾಗೇ’ ಅಂತ ನಗುತ್ತಾರೆ. ಆದರೆ ನಮ್ಮತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಹೂವು ಮಾರುತ್ತಾರೆ, ಒಂದು ರೂಪಾಯಿ ಲೆಕ್ಕ ತಪ್ಪಿದ್ದು ನಾನು ನೋಡಿಲ್ಲ. ನಮ್ಮ ಮನೆಯಲ್ಲಿ ಓದದವರಿಗೆ ಲೆಕ್ಕ ಬರುತ್ತದೆ, ಓದಿದವರಿಗೆ ಬರುವುದಿಲ್ಲ. ಇದು ಯಾಕೆ ಸರ್? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ ತಾಯಿ. ಮೂರು ಜನರ ತೊಂದರೆ ಬರೆದಿದ್ದೀರಿ. ಆದರೆ ಕೊನೆಗೆ ಅತ್ತೆಯವರ ಬಗ್ಗೆ ಬರೆದಿದ್ದೀರಲ್ಲ, ಉಳಿದ ಮೂವರ ಗಂಟು ಬಿಚ್ಚಲು ಅಲ್ಲಿಂದಲೇ ಶುರುಮಾಡಬೇಕು.

ಗಿರಾಕಿಯೊಬ್ಬರು 365 ರೂಪಾಯಿಯ ಹೂವು, ಹಾರ ತಗೊಂಡು 500ರ ನೋಟು ಕೊಟ್ಟರು ಅನ್ನಿ. ಅತ್ತೆಯವರ ಕೈ ಗಮನಿಸಿ. ಅವರು ಕಳೆಯುವುದೇ ಇಲ್ಲ, ಕೂಡುತ್ತಾ ಹೋಗುತ್ತಾರೆ. ಐದರ ನಾಣ್ಯ ಇಟ್ಟು ‘ಮುನ್ನೂರ ಎಪ್ಪತ್ತು’, ಮೂವತ್ತು ಇಟ್ಟು ‘ನಾನೂರು’, ನೂರರ ನೋಟು ಇಟ್ಟು ‘ಐನೂರು, ಸರಿಹೋಯ್ತಲ್ಲ?’ ಚಿಲ್ಲರೆ 135. ಇದೇ ಲೆಕ್ಕವನ್ನು 500 − 365 ಅಂತ ಹಾಳೆಯಲ್ಲಿ ಬರೆದು ಮಕ್ಕಳಿಗೆ ಕೊಟ್ಟಾಗ 265 ಅಂತ ಉತ್ತರ ಬಂದದ್ದನ್ನು ನನ್ನ ಮೂವತ್ತೊಂದು ವರ್ಷದ ಮಾಸ್ತರಿಕೆಯಲ್ಲಿ ಎಷ್ಟು ನೋಟ್‌ಬುಕ್ಕಿನಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಅದು ಕಣ್ಣುಮುಚ್ಚಿ ಬರೆದ ಉತ್ತರವಲ್ಲ. ಸೊನ್ನೆಯಲ್ಲಿ ಐದು ಹೋಗಲ್ಲ, ಹಾಗಾಗಿ ಐದರಲ್ಲಿ ಸೊನ್ನೆ ಕಳೆದರು. ಸೊನ್ನೆಯಲ್ಲಿ ಆರು ಹೋಗಲ್ಲ, ಆರರಲ್ಲಿ ಸೊನ್ನೆ ಕಳೆದರು. ಐದರಲ್ಲಿ ಮೂರು ಹೋದರೆ ಎರಡು. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಅಂತ ಒಂದನೇ ತರಗತಿಯಲ್ಲಿ ಹೇಳಿಕೊಟ್ಟ ನಿಯಮವನ್ನು ಆ ಮಗು ಚಾಚೂ ತಪ್ಪದೆ ಪಾಲಿಸಿದೆ. ಅದೇ ಮಗುವನ್ನು ಅಜ್ಜಿಯ ಪಕ್ಕ ಕೂರಿಸಿ, 265 ಚಿಲ್ಲರೆ ಕೊಡಲಿ ನೋಡೋಣ. ಕೊಡುವುದಿಲ್ಲ. ಅಲ್ಲಿ ದುಡ್ಡಿನ ಅರ್ಥ ಅದಕ್ಕೆ ಗೊತ್ತು.

ಇದು ನಿಮ್ಮ ಮನೆಯದೊಂದೇ ಕಥೆಯಲ್ಲ. ಬ್ರೆಜಿಲ್ ದೇಶದ ರೆಸೀಫೆ ಎಂಬ ಊರಿನಲ್ಲಿ ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಐದು ಮಕ್ಕಳನ್ನು ಮೂವರು ಸಂಶೋಧಕರು ಗಿರಾಕಿಗಳಂತೆ ಹೋಗಿ ಮಾತಾಡಿಸಿದ್ದರು. ಅದು 1985ರಲ್ಲಿ ಪ್ರಕಟವಾಯಿತು. ಬೀದಿಯಲ್ಲಿ ಆ ಮಕ್ಕಳ ಉತ್ತರ ನೂರಕ್ಕೆ 98ರಷ್ಟು ಸರಿ. ಅವೇ ಸಂಖ್ಯೆಗಳನ್ನು ಬರೀ ಅಂಕಿಯ ಲೆಕ್ಕವಾಗಿ ಕಾಗದದ ಮೇಲೆ ಕೊಟ್ಟಾಗ ಸುಮಾರು 37. ಇತ್ತೀಚೆಗೆ, 2025ರಲ್ಲಿ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೋ ಇದ್ದ ತಂಡ ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳಲ್ಲೂ ಇದನ್ನೇ ಕಂಡಿತು. ಜೊತೆಗೆ ತಿರುಗಾಮುರುಗಾ ಕೂಡ ನಿಜ ಅಂತ ತೋರಿಸಿತು: ಶಾಲೆಯ ಲೆಕ್ಕ ಮಾಡಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸಿದರು.

ಅಂದರೆ ಬಾಯಿಲೆಕ್ಕ ಒಂದು ದಡ, ಹಾಳೆಲೆಕ್ಕ ಇನ್ನೊಂದು ದಡ. ನಡುವೆ ಸೇತುವೆ ತಾನಾಗಿ ಹುಟ್ಟುವುದಿಲ್ಲ, ಯಾರಾದರೂ ಕಟ್ಟಬೇಕು. ಆರು ವರ್ಷದವನಿಗಾಗಲಿ, ಹನ್ನೆರಡರವಳಿಗಾಗಲಿ, ಮೂವತ್ನಾಲ್ಕರವರಿಗಾಗಲಿ ಗಣಿತ ಕಲಿಸುವುದು ಅಂದರೆ ಬಹುಪಾಲು ಈ ಸೇತುವೆ ಕಟ್ಟುವ ಕೆಲಸವೇ. ಹಾಗಂತ ಅತ್ತೆಯವರ ಲೆಕ್ಕವೇ ಸಾಕು, ಶಾಲೆ ದಂಡ ಅಂತಲೂ ಅಲ್ಲ. ಸಂಘದ ಸಾಲದ ಬಡ್ಡಿ ಮೂರು ವರ್ಷಕ್ಕೆ ಎಷ್ಟಾಗುತ್ತದೆ ಅಂದರೆ ಅವರೂ ಯಾರನ್ನಾದರೂ ಕೇಳಲೇಬೇಕಾಗುತ್ತದೆ.

ನಿಮ್ಮ ಯಜಮಾನರ ಮಾತಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದ ಪತ್ರಿಕೆ ತೆಗೆದು ಅವರ ಮುಂದಿಡಿ, ಹುಡುಗಿಯರೇ ಮುಂದಿರುತ್ತಾರೆ. ಆದರೆ ಆ ಮಾತನ್ನು ಮಗಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ, ಅದಂತೂ ಗಂಭೀರ ವಿಷಯ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಗಣಿತಕ್ಕೆ ಹೆದರುವ ಶಿಕ್ಷಕಿಯರ ತರಗತಿಯಲ್ಲಿ ವರ್ಷದ ಕೊನೆಗೆ ‘ಲೆಕ್ಕ ಹುಡುಗರದು, ಓದು ಹುಡುಗಿಯರದು’ ಅಂತ ನಂಬಿಕೊಂಡ ಹುಡುಗಿಯರೇ ಹಿಂದೆ ಬಿದ್ದಿದ್ದರು. ಹುಡುಗರಿಗೆ ಏನೂ ಆಗಿರಲಿಲ್ಲ. ಹೆದರಿಕೆ ಇದ್ದಾಗ ತಲೆಯಲ್ಲಿ ಅಂಕಿ ಹಿಡಿದಿಟ್ಟುಕೊಳ್ಳುವ ಜಾಗವನ್ನು ಹೆದರಿಕೆಯೇ ತಿಂದುಬಿಡುತ್ತದೆ. ಅಳುತ್ತಿರುವಾಗ ಕೂರಿಸಿಕೊಂಡು ಮಾಡಿಸಿದ ಲೆಕ್ಕ ಲೆಕ್ಕಕ್ಕಿಲ್ಲ.

ಈಗ ಮಗಳ ವಿಷಯ. ಐದರವರೆಗೆ ಚೆನ್ನಾಗಿದ್ದವಳು ಆರರಲ್ಲಿ ಕುಸಿದಳು ಅಂದರೆ ಜನ ಒಂದೇ ಕಾರಣ ಹುಡುಕುತ್ತಾರೆ: ‘ಇಂಗ್ಲಿಷ್’. ಅರ್ಧ ನಿಜ. ಆರನೇ ತರಗತಿಯಲ್ಲೇ ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆಗಳು ಒಟ್ಟಿಗೆ ಮೈಮೇಲೆ ಬರುತ್ತವೆ. ಕನ್ನಡ ಮೀಡಿಯಂನಲ್ಲೇ ಇದ್ದ ಎಷ್ಟೋ ಮಕ್ಕಳು ಇದೇ ತಿರುವಿನಲ್ಲಿ ಉರುಳುತ್ತಾರೆ. ಭಾಷೆ ಆ ತಿರುವನ್ನು ಇನ್ನಷ್ಟು ಕಡಿದು ಮಾಡುತ್ತದೆ. ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಶಿಕ್ಷಕರೂ ಇದನ್ನು ಗಮನಿಸುವುದಿಲ್ಲ.

ಕನ್ನಡದಲ್ಲಿ 3/4ನ್ನು ‘ನಾಲ್ಕರಲ್ಲಿ ಮೂರು ಭಾಗ’ ಅನ್ನುತ್ತೇವೆ. ಮೊದಲು ಎಷ್ಟು ಪಾಲು ಮಾಡಿದೆ ಅನ್ನುವುದು ಬರುತ್ತದೆ, ಆಮೇಲೆ ಎಷ್ಟು ತಗೊಂಡೆ ಅನ್ನುವುದು. ರೊಟ್ಟಿ ಹಂಚುವ ಕ್ರಮವೂ ಅದೇ. ಮನೆಮಾತಿನಲ್ಲಂತೂ ಅದಕ್ಕೆ ಸ್ವಂತ ಹೆಸರೇ ಇದೆ: ಮುಕ್ಕಾಲು. ಮೂರು ಕಾಲು ಸೇರಿ ಮುಕ್ಕಾಲು ಅನ್ನುವ ಲೆಕ್ಕ ಹೆಸರಿನೊಳಗೇ ಕೂತಿದೆ. ಇಂಗ್ಲಿಷ್ ಮೀಡಿಯಂಗೆ ಹೋದ ತಕ್ಷಣ ಅದು ‘ಥ್ರೀ ಬೈ ಫೋರ್’ ಆಗುತ್ತದೆ. ಆ ಮಾತಿನಲ್ಲಿ ಪಾಲೂ ಇಲ್ಲ, ಭಾಗವೂ ಇಲ್ಲ. ಮೇಲೊಂದು ಅಂಕಿ, ಕೆಳಗೊಂದು ಅಂಕಿ, ನಡುವೆ ಗೆರೆ, ಅಷ್ಟೇ. ಎರಡು ಅಂಕಿ ಅಂದುಕೊಂಡ ಮೇಲೆ 1/2 + 1/3ಕ್ಕೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಬರೆಯುವುದು ಸಹಜ. 1/8 ದೊಡ್ಡದು, 1/4 ಚಿಕ್ಕದು ಅನ್ನುವುದೂ ಸಹಜ, ಎಂಟು ನಾಲ್ಕಕ್ಕಿಂತ ದೊಡ್ಡದಲ್ಲವೇ! 0.35ನ್ನು ‘ಪಾಯಿಂಟ್ ಥರ್ಟಿಫೈವ್’ ಅಂತ ಓದಿಸಿದರೆ 0.5ಕ್ಕಿಂತ ಅದೇ ದೊಡ್ಡದಾಗಿ ಕಾಣುತ್ತದೆ. ‘ಸೊನ್ನೆ ಬಿಂದು ಮೂರು ಐದು’ ಅಂತ ಬಿಡಿಬಿಡಿಯಾಗಿ ಓದಿಸಿ, ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಒಂದು ತಪ್ಪೊಪ್ಪಿಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗನೊಬ್ಬ ಬೋರ್ಡಿನ ಮೇಲೆ ಹೀಗೇ 2/5 ಬರೆದಾಗ ಇಡೀ ಕ್ಲಾಸಿನ ಎದುರು ಗೇಲಿ ಮಾಡಿದ್ದೆ. ಅವನು ಕೂತ ಜಾಗದಿಂದಲೇ, ‘ಸರ್, ನೀವು ಪ್ರೋಗ್ರೆಸ್ ಕಾರ್ಡಿನಲ್ಲಿ ಹೀಗೇ ಕೂಡಿಸ್ತೀರಲ್ಲ’ ಅಂದ. ತೆಗೆದು ನೋಡಿದೆ. ನನ್ನದೇ ಅಕ್ಷರ: 18/25, 20/25, ಒಟ್ಟು 38/50. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು! ಅಲ್ಲಿ ಗೆರೆಯ ಅರ್ಥ ‘ಇಷ್ಟಕ್ಕೆ ಇಷ್ಟು’. ಎರಡು ಬೇರೆ ಬೇರೆ ಪರೀಕ್ಷೆ ಸೇರಿ ಐವತ್ತು ಅಂಕದ ಹೊಸ ಇಡಿಯೊಂದು ಆಗಿದೆ. ಭಿನ್ನರಾಶಿ ಕೂಡುವಾಗ ಇಡಿ ಒಂದೇ, ಅದೇ ರೊಟ್ಟಿಯ ತುಂಡುಗಳು. ಇದನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಅವನು ಕೇಳುವವರೆಗೆ ನನಗೂ ಹೊಳೆದಿರಲಿಲ್ಲ. ಅಂದಿನಿಂದ ತಪ್ಪು ಉತ್ತರ ಕಂಡರೆ ‘ಹೇಗೆ ಮಾಡಿದೆ, ಹೇಳು’ ಅಂತ ಕೇಳುವುದು ಅಭ್ಯಾಸ ಮಾಡಿಕೊಂಡೆ. ಸರಿ ಉತ್ತರ ಕಂಡರೂ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ, ‘ಹೇಗೆ’ ಅಂದ ಕೂಡಲೇ ಮಗು ರಬ್ಬರ್ ಹುಡುಕುತ್ತದೆ.

ಇನ್ನು ನಿಮ್ಮ ಹೊಲಿಗೆ ಯಂತ್ರದ ಹತ್ತಿರ ಬರೋಣ. ಎದೆ ಸುತ್ತಳತೆ 35 ಇಂಚಿನ ಬ್ಲೌಸ್ ಬಂತು. ನಾಲ್ಕು ಪಾಲು ಮಾಡಿ ಎಂಟೂಮುಕ್ಕಾಲು ಅಂತೀರಿ. ಹೊಲಿಗೆಗೆ, ಸಡಿಲಕ್ಕೆ ಒಂದೂವರೆ ಸೇರಿಸಿ ಹತ್ತೂಕಾಲಿಗೆ ಸೀಮೆಸುಣ್ಣದ ಗೆರೆ ಹಾಕುತ್ತೀರಿ. ಇದನ್ನೇ 35 ÷ 4 + 1½ ಅಂತ ಬರೆದು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎಲ್‌ಸಿಎಂ) ತೆಗೆದು ಬಿಡಿಸಿ ಅಂದಿದ್ದರೆ ಅಂದು ಪರೀಕ್ಷೆಯಲ್ಲಿ ಬಿಟ್ಟು ಬಂದಿರುತ್ತಿದ್ದಿರಿ. ಗಣಿತದಲ್ಲಿ ಫೇಲಾದವರು ದಿನಕ್ಕೆ ಐದಾರು ಸಲ ಮಿಶ್ರ ಭಿನ್ನರಾಶಿ ಕೂಡುತ್ತಿದ್ದೀರಿ, ಬಟ್ಟೆ ಹಾಳು ಮಾಡದೆ!

ಭಾನುವಾರ ಮಧ್ಯಾಹ್ನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಟೇಪನ್ನೇ ಬಿಚ್ಚಿ. ಪುಸ್ತಕ ಬೇಡ. ನಿಮ್ಮ ಟೇಪಿನಲ್ಲಿ ಇಂಚಿಗೆ ಎಂಟು ಮನೆ ಇದ್ದರೆ, ಮೊದಲು ಅರ್ಧ ಇಂಚು ತೋರಿಸಲಿ, ಆಮೇಲೆ ಕಾಲು, ಆಮೇಲೆ ಒಂದೇ ಒಂದು ಮನೆ. ‘ಈ ಒಂದು ಮನೆಗೆ ಏನು ಹೆಸರು?’ ಅಂತ ಕೇಳಿ. ಎಂಟರಲ್ಲಿ ಒಂದು. ಅದು ಕಾಲಿಗಿಂತ ದೊಡ್ಡದೋ ಚಿಕ್ಕದೋ ಅನ್ನುವುದನ್ನು ಇನ್ನು ಯಾರೂ ಹೇಳಬೇಕಿಲ್ಲ, ಕಣ್ಣೆದುರಿಗಿದೆ. ಇದಾದ ಮೇಲೆ ಹನ್ನೆರಡು ಇಂಚಿನ ಒಂದು ಪಟ್ಟಿ ಬಟ್ಟೆ ಕತ್ತರಿಸಿ ಕೊಡಿ. ಇದು ನಮ್ಮ ಇಡಿ. ಇದರ ಅರ್ಧ ಎಷ್ಟು? ಆರು ಇಂಚು. ಮೂರನೇ ಒಂದು ಪಾಲು? ನಾಲ್ಕು ಇಂಚು. ಎರಡೂ ಸೇರಿದರೆ ಹತ್ತು ಇಂಚು, ಅಂದರೆ ಹನ್ನೆರಡರಲ್ಲಿ ಹತ್ತು, ಇನ್ನೂ ಸಣ್ಣದಾಗಿ ಬರೆದರೆ 5/6. ಈಗ ಅವಳ 2/5ನ್ನು ಪಕ್ಕದಲ್ಲಿಟ್ಟು ಒಂದೇ ಪ್ರಶ್ನೆ ಕೇಳಿ: ‘ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದೀವಿ, 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಇದು ಆಗುತ್ತಾ?’ ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ. ನನಗೆ ಹದಿನೈದು ವರ್ಷ ಬೇಕಾಯಿತು.

ಛೇದ, ಅಂದರೆ ಗೆರೆಯ ಕೆಳಗಿನ ಅಂಕಿ, ಸಮ ಮಾಡುವುದು ಯಾಕೆ ಅನ್ನುವುದೂ ಆಗಲೇ ಬಿಡಿಸಿಕೊಳ್ಳುತ್ತದೆ. ಎರಡು ಮೊಳ ಮಲ್ಲಿಗೆ, ಮೂರು ಡಜನ್ ಗುಲಾಬಿ ಸೇರಿಸಿ ‘ಐದು’ ಅಂತ ಅಜ್ಜಿ ಎಂದಾದರೂ ಹೇಳುತ್ತಾರಾ? ಐದು ಏನು? ಕೆಳಗಿನ ಅಂಕಿ ತುಂಡಿನ ಅಳತೆಯ ಹೆಸರು, ಮೇಲಿನದು ಅಂಥ ತುಂಡು ಎಷ್ಟು ಅನ್ನುವುದು. ಹೆಸರು ಒಂದಾಗದೆ ಕೂಡಲಾಗದು. ನಮ್ಮ ನೆಲದಲ್ಲಿ ಇದು ಹೊಸ ಮಾತೇನಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿ ಕೂಡಲು ಲ.ಸಾ.ಅ. ಬಳಸುವುದನ್ನು ಹೇಳಿದ್ದಾರೆ, ಅದಕ್ಕೆ ‘ನಿರುದ್ಧ’ ಅಂತ ಹೆಸರಿಟ್ಟಿದ್ದಾರೆ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲೇ ಬರೆದ. ಗಣಿತವನ್ನು ಕನ್ನಡದಲ್ಲಿ ಯೋಚಿಸಿದರೆ ಹಿಂದುಳಿಯುತ್ತೇವೆ ಅನ್ನುವವರಿಗೆ ನಾನು ಈ ಹೆಸರು ಹೇಳಿ ಮುಂದೆ ಹೋಗುತ್ತೇನೆ.

ಹಾಗಾದರೆ ಅವಳನ್ನು ವಾಪಸ್ ಕನ್ನಡ ಮೀಡಿಯಂಗೆ ಹಾಕಬೇಕಾ? ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಏಳರ ನಡುವೆ ಬದಲಾಯಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಸ್ನೇಹಿತರು, ಮೇಷ್ಟ್ರು, ಪಠ್ಯ ಎಲ್ಲ ಮತ್ತೆ ಹೊಸದಾಗುತ್ತದೆ, ‘ಇಂಗ್ಲಿಷ್ ಮೀಡಿಯಂನಲ್ಲಿ ಆಗಲಿಲ್ಲ’ ಅನ್ನುವ ಹಣೆಪಟ್ಟಿ ಬೇರೆ ಅಂಟುತ್ತದೆ. ಅದರ ಬದಲು ಯೋಚನೆ ಕನ್ನಡದಲ್ಲಿ, ಬರವಣಿಗೆ ಇಂಗ್ಲಿಷಿನಲ್ಲಿ ಆಗಲಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸಿ: ನ್ಯೂಮರೇಟರ್, ಅಂಶ, ‘ಎಷ್ಟು ತುಂಡು’. ಡಿನಾಮಿನೇಟರ್, ಛೇದ, ‘ಎಂಥ ತುಂಡು’. ಮೂರನೇ ಕಾಲಂ ಅವಳ ಸ್ವಂತ ಮಾತಲ್ಲಿರಬೇಕು, ಸಾಧ್ಯವಾದರೆ ಚಿತ್ರದಲ್ಲಿ. ಪದಗಳಲ್ಲಿ ಕೊಡುವ ಲೆಕ್ಕ ಬಂದರೆ ಮೊದಲು ಕನ್ನಡದಲ್ಲಿ ಕಥೆಯ ಹಾಗೆ ಹೇಳಲಿ, ಆಮೇಲೆ ಪೆನ್ನು ಹಿಡಿಯಲಿ. ಕಥೆ ಹೇಳಲು ಬಾರದ ಲೆಕ್ಕವನ್ನು ಬಿಡಿಸಲು ಹೋಗುವುದೇ ಬೇಡ.

ಟ್ಯೂಷನ್ ಬಗ್ಗೆ ನೇರವಾಗಿ ಹೇಳುತ್ತೇನೆ. ಟ್ಯೂಷನ್ ಕೆಟ್ಟದ್ದಲ್ಲ, ಆದರೆ ನೀವು ಬರೆದ ಲಕ್ಷಣ ನನಗೆ ಚೆನ್ನಾಗಿ ಗೊತ್ತು: ಅಲ್ಲಿ ಮಾಡುತ್ತಾಳೆ, ವಾರ ಬಿಟ್ಟರೆ ಬರುವುದಿಲ್ಲ. ಅವಳ ಟ್ಯೂಷನ್ ನೋಟ್‌ಬುಕ್ ತೆಗೆದು ನೋಡಿ. ಒಂದೇ ಮಾದರಿಯ ಇಪ್ಪತ್ತು ಲೆಕ್ಕ ಸಾಲಾಗಿದ್ದರೆ ಕಾರಣ ಅಲ್ಲೇ ಇದೆ. ಮೊದಲನೆಯದನ್ನು ಹೇಗೆ ಮಾಡಬೇಕು ಅಂತ ಸರ್ ಹೇಳಿದರು, ಉಳಿದ ಹತ್ತೊಂಬತ್ತರಲ್ಲಿ ಅವಳು ಯೋಚಿಸಬೇಕಾದ್ದೇ ಇಲ್ಲ, ಅಂಕಿ ಬದಲಿಸಿದರೆ ಸಾಕು. ಪರೀಕ್ಷೆಯಲ್ಲಿ ಯಾವ ದಾರಿ ಹಿಡಿಯಬೇಕು ಅಂತ ಆರಿಸಬೇಕಾಗುತ್ತದೆ, ಆ ಆರಿಸುವ ಅಭ್ಯಾಸವೇ ಆಗಿರುವುದಿಲ್ಲ. 2007ರಲ್ಲಿ ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ. ಒಂದೊಂದು ಬಗೆಯನ್ನೂ ಗುಂಪಾಗಿ ಮಾಡಿದವರು ಅಭ್ಯಾಸದಲ್ಲಿ 89 ಪ್ರತಿಶತ ಸರಿ ಮಾಡಿದರು, ಬೆರಕೆಯಾಗಿ ಮಾಡಿದವರು ಬರೀ 60. ವಾರದ ನಂತರ ಪರೀಕ್ಷೆ ಕೊಟ್ಟಾಗ ಗುಂಪಿನವರು 20ಕ್ಕೆ ಬಿದ್ದರು, ಬೆರಕೆಯವರು 63ರಲ್ಲಿ ನಿಂತರು.

ಹಾಗಾಗಿ ಟ್ಯೂಷನ್ ಮೇಷ್ಟ್ರ ಹತ್ತಿರ ಹೋಗಿ ವಿನಯದಿಂದಲೇ ಎರಡು ವಿಷಯ ಕೇಳಿ. ದಿನಕ್ಕೆ ಐದೇ ಲೆಕ್ಕ ಸಾಕು, ಎರಡು ಇವತ್ತಿನದು, ಎರಡು ಹೋದ ವಾರದ್ದು, ಒಂದು ಹೋದ ತಿಂಗಳದ್ದು ಕೊಡುತ್ತೀರಾ? ಮತ್ತೆ, ಏಳನೆಯ ಪಾಠ ನಿಲ್ಲಿಸಿ ಒಂದು ತಿಂಗಳು ನಾಲ್ಕು, ಐದನೆಯ ಭಿನ್ನರಾಶಿಗೆ ವಾಪಸ್ ಹೋಗುತ್ತೀರಾ? ಒಪ್ಪಿದರೆ ಆ 800 ರೂಪಾಯಿ ದಂಡವಲ್ಲ. ‘ಪೋರ್ಷನ್ ಮುಗಿಸಬೇಕು’ ಅಂದರೆ ಬಿಡಿಸಿ. ಇದರಲ್ಲಿ ಅಪಾಯವೂ ಇದೆ, ಮೊದಲೇ ತಿಳಿದಿರಿ: ಬೆರಕೆ ಅಭ್ಯಾಸದಲ್ಲಿ ಮೊದಲ ಕೆಲವು ವಾರ ತಪ್ಪು ಹೆಚ್ಚಾಗುತ್ತದೆ, ಹಿಂದಿನ ತರಗತಿಯ ಲೆಕ್ಕ ಮಾಡಿಸಿದರೆ ‘ನನಗೇನು ಚಿಕ್ಕ ಮಕ್ಕಳ ಪಾಠ’ ಅಂತ ಅವಮಾನವೂ ಆಗುತ್ತದೆ. ಅಂಕ ಬೇಗ ಏರದಿದ್ದರೆ ಮನೆಯಲ್ಲಿ ಮಾತು ಬರುತ್ತದೆ. ಒಂದು ಕಿರುಪರೀಕ್ಷೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಬಿಡುವ ಧೈರ್ಯ ಬೇಕು.

ಯೂಟ್ಯೂಬ್, ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ಬರುವ ಸರ್ಕಾರದ ದೀಕ್ಷಾ ಆ್ಯಪಿನ ವೀಡಿಯೊ, ಇವು ಪುಕ್ಕಟೆ. ನೋಡಲಿ. ಆದರೆ ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡುತ್ತಿದ್ದರೆ ನಮಗೂ ಬಂದಂತೆ ಅನ್ನಿಸುತ್ತದೆ, ಅಡುಗೆ ವೀಡಿಯೊ ನೋಡಿದ ಹಾಗೆ. ಬಿಡಿಸಿದ ಒಂದು ಲೆಕ್ಕ ನೋಡಿ, ಅದನ್ನು ಮುಚ್ಚಿ, ಖಾಲಿ ಹಾಳೆಯಲ್ಲಿ ಅದನ್ನೇ ಬಿಡಿಸಿದರೆ ಮಾತ್ರ ಫಲ.

ಇನ್ನೊಂದು ಭಯವನ್ನು ಇಲ್ಲೇ ತೆಗೆದುಹಾಕುತ್ತೇನೆ. ಗಣಿತದಲ್ಲಿ ಹಿಂದಿರುವ ಮಗು ಕಂಡರೆ ಈಗ ಬೇಗ ‘ಡಿಸ್ಕ್ಯಾಲ್ಕ್ಯುಲಿಯಾ’ ಅಂದುಬಿಡುತ್ತಾರೆ. ಅದು ಅಂಕಿ, ಎಣಿಕೆಯೇ ಹಿಡಿತಕ್ಕೆ ಸಿಗದ ಕಲಿಕೆಯ ತೊಂದರೆ, ನಿಜವಾಗಿ ಇರುವಂಥದ್ದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಹೆಸರಿದೆ. ಆದರೆ ಅಂಥ ಮಕ್ಕಳಿಗೆ ಚಿಕ್ಕಂದಿನಿಂದಲೇ ಎಣಿಕೆ, ಹೆಚ್ಚು ಕಡಿಮೆ ಅಂದಾಜು, ಗಡಿಯಾರ, ಚಿಲ್ಲರೆ ಎಲ್ಲವೂ ತೊಡಕು. ಐದರವರೆಗೆ ಮುಂದಿದ್ದ ನಿಮ್ಮ ಮಗಳ ಚಿತ್ರ ಅದಲ್ಲ. ಓದುಗರಲ್ಲಿ ಯಾರ ಮನೆಯಲ್ಲಾದರೂ ಹಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೋ ತೋರಿಸಬೇಕು, ತಡಮಾಡಬಾರದು. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತದೆ.

ಮಗನ ಬೆರಳನ್ನು ದಯವಿಟ್ಟು ಬಿಟ್ಟುಬಿಡಿ. ಆರು ವರ್ಷದವನಿಗೆ ಬೆರಳೇ ಪುಸ್ತಕ. ಮಾಡಬೇಕಾದ್ದು ಬಿಡಿಸುವುದಲ್ಲ, ದಾಟಿಸುವುದು. 8 + 5ಕ್ಕೆ ಅವನು ಒಂದರಿಂದ ಎಣಿಸಿದರೆ, ‘ಎಂಟನ್ನು ಬಾಯಲ್ಲಿ ಇಟ್ಕೋ, ಐದನ್ನು ಬೆರಳಲ್ಲಿ ಇಟ್ಕೋ’ ಅನ್ನಿ. ಅದು ಬಂದ ಮೇಲೆ ‘ಎಂಟು ಹತ್ತಾಗಲು ಎಷ್ಟು ಬೇಕು? ಎರಡು. ಐದರಲ್ಲಿ ಎರಡು ಹೋದರೆ ಮೂರು. ಹತ್ತೂ ಮೂರು’. ಬೆರಳು ತಾನಾಗಿಯೇ ಕೆಳಗಿಳಿಯುತ್ತದೆ. ಬೈದು ಬಿಡಿಸಿದರೆ ಮೇಜಿನ ಕೆಳಗೆ ಎಣಿಸುತ್ತಾನೆ, ಅಷ್ಟೇ ವ್ಯತ್ಯಾಸ. ಮಿಸ್ಸಿಗೂ ಇದನ್ನೇ ಡೈರಿಯಲ್ಲಿ ಬರೆಯಿರಿ, ‘ಮನೆಯಲ್ಲಿ ಹತ್ತು ಮಾಡುವುದನ್ನು ಅಭ್ಯಾಸ ಮಾಡಿಸುತ್ತಿದ್ದೇವೆ’ ಅಂತ. ಜಗಳ ಬೇಡ.

ಅವನು ಥರ್ಟೀನ್ ಅಂದರೆ 31 ಬರೆಯುತ್ತಿದ್ದರೆ ಗಾಬರಿಯಾಗಬೇಡಿ. ಆ ಪದದಲ್ಲಿ ಮೂರು ಮೊದಲು ಕೇಳಿಸುತ್ತದೆ, ಹತ್ತು ಆಮೇಲೆ. ನಮ್ಮ ಹದಿಮೂರರಲ್ಲಿ ಹತ್ತು ಮೊದಲು, ಮೂರು ಆಮೇಲೆ, ಬರೆಯುವ ಕ್ರಮದಲ್ಲೇ. ಪೊರಕೆಕಡ್ಡಿ ಮುರಿದು ಹತ್ತು ಹತ್ತರ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಡಿ. ‘ಒಂದು ಕಟ್ಟು, ಮೂರು ಬಿಡಿ’ ಅಂದುಕೊಂಡು ಎರಡೂ ಭಾಷೆಯ ಹೆಸರು ಹೇಳಲಿ. ನಮ್ಮ ಭಾಷೆಯಲ್ಲೂ ಒಂದು ತರಲೆ ಇದೆ, ತೊಂಬತ್ತು ಮತ್ತು ಒಂಬೈನೂರು, ಅವುಗಳಲ್ಲಿ ಎಲ್ಲ ಮಕ್ಕಳೂ ಮುಗ್ಗರಿಸುತ್ತಾರೆ, ದಾಟಿಕೊಳ್ಳುತ್ತಾರೆ. ಸಂಜೆ ಹಾವು ಏಣಿ, ಚೌಕಾಬಾರ ಆಡಿಸಿ. ಕಾಯಿ ನಡೆಸುವಾಗ ‘ಇನ್ನೆಷ್ಟು ಬಿದ್ದರೆ ಹಣ್ಣು?’ ಅಂತ ಒಂದು ಸಲ ಕೇಳಿದರೆ ಅಂದಿನ ಗಣಿತ ಮುಗಿಯಿತು.

ಅಬಾಕಸ್ ಕ್ಲಾಸು ಮೋಸವಲ್ಲ, ಮಾಯೆಯೂ ಅಲ್ಲ. ಗುಜರಾತಿನ ವಡೋದರದ ಶಾಲೆಯೊಂದರಲ್ಲಿ ಮಕ್ಕಳಿಗೆ ಮೂರು ವರ್ಷ ಅಬಾಕಸ್ ಕಲಿಸಿ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಗಿದೆ. ಕೂಡು, ಕಳೆ, ಗುಣಿಸುವುದರಲ್ಲಿ ಆ ಮಕ್ಕಳು ಮುಂದೆ ಬಂದರು. ಆದರೆ ಜಾಹೀರಾತಿನಲ್ಲಿ ಹೇಳುವ ಹಾಗೆ ಬುದ್ಧಿಶಕ್ತಿ, ನೆನಪಿನ ಶಕ್ತಿ ಹೆಚ್ಚಿದ್ದು ಕಾಣಲಿಲ್ಲ. ಅವನಿಗೆ ಮಣಿ ಸರಿಸುವುದು ಇಷ್ಟವಾದರೆ, ನಿಮಗೆ ದುಡ್ಡು ಭಾರವಾಗದಿದ್ದರೆ ಸೇರಿಸಿ. ‘ಗಣಿತಕ್ಕೆ ಬೇಕೇ ಬೇಕು’ ಅಂತ ಸೇರಿಸಬೇಡಿ. ನನ್ನನ್ನು ಕೇಳಿದರೆ ಆ ದುಡ್ಡನ್ನು ಮಗಳ ಕೆಲಸಕ್ಕೆ ಎತ್ತಿಡಿ ಅನ್ನುತ್ತೇನೆ.

ಮಗ್ಗಿಯ ಬಗ್ಗೆ ಒಂದು ಮಾತು, ಇಬ್ಬರಿಗೂ ಸೇರಿ. ಬಾಯಿಪಾಠ ಬೇಡವೇ ಬೇಡ ಅನ್ನುವ ಹೊಸ ಫ್ಯಾಷನ್ ನನಗೆ ಒಪ್ಪಿಗೆಯಿಲ್ಲ. ಹತ್ತರವರೆಗೆ ಮಗ್ಗಿ ನಾಲಿಗೆಯ ಮೇಲಿರಬೇಕು, ಇಲ್ಲದಿದ್ದರೆ ಭಾಗಾಕಾರದಲ್ಲಿ ಇಡೀ ತಲೆ ‘ಏಳೆಂಟ್ಲೆ ಎಷ್ಟು’ ಅನ್ನುವುದರಲ್ಲೇ ಖರ್ಚಾಗುತ್ತದೆ. ಹತ್ತರಿಂದಾಚೆ ಉರು ಹೊಡೆಯುವ ಅಗತ್ಯ ನನಗೆ ಕಾಣುವುದಿಲ್ಲ. ಹದಿಮೂರೇಳ್ಲೆ ಬೇಕಾದರೆ ಹತ್ತೇಳ್ಲೆ ಎಪ್ಪತ್ತು, ಮೂರೇಳ್ಲೆ ಇಪ್ಪತ್ತೊಂದು, ಒಟ್ಟು ತೊಂಬತ್ತೊಂದು. ಹೀಗೆ ಒಡೆದು ಮಾಡುವುದು ಕಲಿತವಳಿಗೆ ಮುಂದೆ ಬೀಜಗಣಿತದಲ್ಲಿ ಆವರಣ ಬಿಡಿಸುವುದು ಹೊಸತಾಗಿ ಕಾಣುವುದಿಲ್ಲ.

ಕೊನೆಗೆ ನಿಮ್ಮ ಪರೀಕ್ಷೆ. ಖಂಡಿತ ಕಟ್ಟಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತದೆ, ಒಂದು ತಪ್ಪಿದರೆ ವರ್ಷ ಕಾಯಬೇಕಿಲ್ಲ. ನೀವು ಬರೆದಾಗಿನ ಪಠ್ಯ ಈಗಿಲ್ಲ, ಹಾಗಾಗಿ ಹಳೆಯ ಪುಸ್ತಕ ಇಟ್ಟುಕೊಂಡು ಕೂರಬೇಡಿ. ಬರೀ ಗಣಿತ ಬರೆದರೆ ಸಾಕೋ, ಎಲ್ಲ ವಿಷಯ ಬರೆಯಬೇಕೋ ಅನ್ನುವುದನ್ನು ನೀವು ಓದಿದ ಶಾಲೆಯಲ್ಲಿ ಹಳೆಯ ಅಂಕಪಟ್ಟಿ ತೋರಿಸಿ ಕೇಳಿ. ಎಲ್ಲವನ್ನೂ ಹೊಸದಾಗಿ ಬರೆಯಬೇಕು ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯ (ಎನ್‌ಐಒಎಸ್) ದಾರಿಯೂ ಇದೆ, ಅಲ್ಲಿ ಐದು ವರ್ಷದ ಅವಧಿಯಲ್ಲಿ ಒಂದೊಂದಾಗಿ ಮುಗಿಸಬಹುದು. ಅದರ ತೊಡಕೆಂದರೆ ಒಬ್ಬರೇ ಓದಬೇಕು, ಎಳೆಯುತ್ತಾ ಹೋದರೆ ಐದು ವರ್ಷ ಹಾಗೇ ಕಳೆದುಹೋಗುತ್ತದೆ.

ಶುರುವನ್ನು ವಾಸ್ತವ ಸಂಖ್ಯೆಗಳ ಪಾಠದಿಂದ ಮಾಡಬೇಡಿ, ಅಲ್ಲಿನ ಸಾಧನೆ (ಪ್ರೂಫ್) ನೋಡಿ ಪುಸ್ತಕ ಮುಚ್ಚಿಬಿಡುತ್ತೀರಿ. ಸಮಾಂತರ ಶ್ರೇಢಿ ತೆಗೆಯಿರಿ. ಮೊದಲ ತಿಂಗಳು 100, ಎರಡನೇ ತಿಂಗಳು 150, ಮೂರನೇ ತಿಂಗಳು 200, ಚೀಟಿಗೆ ಕಟ್ಟಿದ ಹಾಗೆಯೇ. ಆಮೇಲೆ ಸಂಖ್ಯಾಶಾಸ್ತ್ರ, ಆಮೇಲೆ ಎರಡು ಚರಾಕ್ಷರದ ಸಮೀಕರಣ ಮತ್ತು ಅದರ ನಕ್ಷೆ. ತ್ರಿಕೋನಮಿತಿಗೆ ಹೋಗುವ ಹೊತ್ತಿಗೆ ನಿಮ್ಮ ಭಿನ್ನರಾಶಿ ಗಟ್ಟಿಯಾಗಿರಬೇಕು, ಅದಕ್ಕೆ ಮಗಳ ಜೊತೆಯ ಭಾನುವಾರವೇ ಸಾಕು. ದೊಡ್ಡವರಿಗೆ ಬುದ್ಧಿ ಮಂದವಾಗಿರುವುದಿಲ್ಲ, ನಾಚಿಕೆ ಹೆಚ್ಚಿರುತ್ತದೆ, ಹೊತ್ತು ಕಡಿಮೆ ಇರುತ್ತದೆ. ದಿನಕ್ಕೆ ಇಪ್ಪತ್ತೇ ನಿಮಿಷ, ಆದರೆ ಗಿರಾಕಿ ಬಂದರೂ ಎದ್ದೇಳದ ಇಪ್ಪತ್ತು ನಿಮಿಷ.

ಒಂದು ಎಚ್ಚರಿಕೆ. ತಮಗೇ ಗಣಿತದ ಭಯವಿರುವ ತಂದೆತಾಯಿ ಒಂದು, ಎರಡನೇ ತರಗತಿಯ ಮಕ್ಕಳಿಗೆ ಹೋಂವರ್ಕಿನಲ್ಲಿ ಪದೇ ಪದೇ ಸಹಾಯ ಮಾಡಿದಾಗ ಆ ಮಕ್ಕಳು ಕಲಿತದ್ದು ಕಡಿಮೆ, ಭಯಪಟ್ಟದ್ದು ಹೆಚ್ಚು ಅಂತ 2015ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ನೀವು ಮಗಳಿಗೆ ಮೇಷ್ಟ್ರಾಗಬೇಡಿ, ಸಹಪಾಠಿಯಾಗಿ. ‘ನನಗೆ ಇದು ಯಾವತ್ತೂ ಬರಲಿಲ್ಲ’ ಅನ್ನುವ ಮಾತಿನ ಜಾಗದಲ್ಲಿ ‘ನನಗೆ ಇಲ್ಲಿ ಅರ್ಥವಾಗಲಿಲ್ಲ, ನೀನು ಹೇಳು’ ಅನ್ನಿ. ಅವಳು ಹೇಳಿಕೊಡಲಿ, ದಿನಕ್ಕೆ ಒಂದೇ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ಅವಳಿಗೆ ಅದು ಇನ್ನೊಂದು ಮನೆಗೆಲಸವಾಗುತ್ತದೆ.

ಈ ಭಾನುವಾರ ಟೇಪು ಬಿಚ್ಚುವ ಮೊದಲು ಮಗಳಿಗೆ ಐದು ಪ್ರಶ್ನೆ ಕೊಡಿ. 500 − 365 ಎಷ್ಟು? ಒಂದು ಸಾವಿರದ ಏಳನ್ನು ಅಂಕಿಯಲ್ಲಿ ಬರೆ. 3/4, 5/8, ಯಾವುದು ದೊಡ್ಡದು? 0.35, 0.5, ಯಾವುದು ದೊಡ್ಡದು? 1/2 + 1/3 ಎಷ್ಟು? ಪ್ರತಿಯೊಂದಕ್ಕೂ ‘ಹೇಗೆ ಮಾಡಿದೆ’ ಅಂತ ಕೇಳಿ, ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಪಕ್ಕದಲ್ಲಿ ಬರೆದುಕೊಳ್ಳಿ. ಐದನ್ನೂ ಅತ್ತೆಯವರಿಗೂ ಕೇಳಿ, ಹೂವು, ದುಡ್ಡು, ಮೊಳದ ಲೆಕ್ಕವಾಗಿ ತಿರುಗಿಸಿ. ಎರಡೂ ಉತ್ತರ ಒಂದೇ ಹಾಳೆಯಲ್ಲಿ ಬರೆದು ನನಗೆ ಕಳಿಸಿ. ತಪ್ಪಿದ್ದರೆ ಅಳಿಸಬೇಡಿ, ತಿದ್ದಬೇಡಿ. ನನಗೆ ಬೇಕಾದ್ದು ಆ ತಪ್ಪೇ.